ವಿಭಕ್ತಿ ಪ್ರತ್ಯಯದ ಮೇಲೆ ನಿಂತ ವೃತ್ತಿ: ಪೇಟೆಂಟ್ ವಕೀಲರಾಗಬಯಸುವವರಿಗೆ ಒಂದು ಮಾರ್ಗದರ್ಶಿ

2004ರಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು ಶೆಫ್ ಅಮೆರಿಕ ಎಂಬ ಕಂಪನಿಯ ಪೇಟೆಂಟ್ ಒಂದರ ಬಗ್ಗೆ ತೀರ್ಪು ನೀಡಿತು. ಹಿಟ್ಟಿನ ತಿನಿಸೊಂದನ್ನು ತಯಾರಿಸುವ ವಿಧಾನ ಆ ಪೇಟೆಂಟಿನಲ್ಲಿತ್ತು. ಕಣಕವನ್ನು ಸುಮಾರು 400ರಿಂದ 850 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಗೆ ಬಿಸಿ ಮಾಡಬೇಕು ಎಂದು ಅದರ ಕ್ಲೇಮು, ಅಂದರೆ ಹಕ್ಕಿನ ಗಡಿಯನ್ನು ಹೇಳುವ ವಾಕ್ಯ, ಹೇಳುತ್ತಿತ್ತು. ಅಷ್ಟು ಉಷ್ಣತೆಯಿರುವ ಒಲೆಯಲ್ಲಿಟ್ಟು ಬಿಸಿ ಮಾಡಬೇಕು ಎಂಬುದೇ ಅದರ ಅರ್ಥವೆಂದು ಪೇಟೆಂಟಿನ ಒಡೆಯರು ವಾದಿಸಿದರು; ಏಕೆಂದರೆ ಕಣಕವೇ ಆ ಉಷ್ಣತೆಗೆ ಏರಿದರೆ ಅದು ಸುಟ್ಟು ಕರಕಲಾಗುತ್ತದೆ. ಬರೆದಿರುವ ಮಾತು ಸ್ಪಷ್ಟವಾಗಿದೆ, ಅದನ್ನು ತಿದ್ದಿ ಬರೆಯುವುದು ನ್ಯಾಯಾಲಯದ ಕೆಲಸವಲ್ಲ ಎಂದು ನ್ಯಾಯಾಧೀಶರು ಹೇಳಿದರು, ಮತ್ತು ಕಣಕವನ್ನು ಕರಕಲು ಮಾಡದೆ ಬೇಯಿಸುತ್ತಿದ್ದ ಪ್ರತಿಸ್ಪರ್ಧಿ ಕಂಪನಿಯು ಆ ಕ್ಲೇಮಿನ ಹಿಡಿತದಿಂದ ಪಾರಾಯಿತು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ‘ಉಷ್ಣತೆಯಲ್ಲಿ’ ಎಂಬ ಸಪ್ತಮಿ ಇರಬೇಕಾದ ಜಾಗದಲ್ಲಿ ‘ಉಷ್ಣತೆಗೆ’ ಎಂಬ ಚತುರ್ಥಿ ಕುಳಿತಿತ್ತು.

ಪೇಟೆಂಟ್ ವಕೀಲಿಯನ್ನು ವಿಜ್ಞಾನ ಮತ್ತು ಕಾನೂನು ಎರಡೂ ಬಲ್ಲವರ ವೃತ್ತಿ ಎಂದು ಸಾಮಾನ್ಯವಾಗಿ ಪರಿಚಯಿಸಲಾಗುತ್ತದೆ. ಅದು ಸುಳ್ಳಲ್ಲವಾದರೂ ಅರ್ಧ ಮಾತು. ಇನ್ನೊಬ್ಬರ ತಲೆಯಲ್ಲಿರುವ ಯಂತ್ರವನ್ನೋ ರಾಸಾಯನಿಕವನ್ನೋ ಮಾತಿನ ಬೇಲಿಯೊಳಗೆ ತರುವುದು, ಆ ಬೇಲಿಯನ್ನು ಸರಿಯಾದ ದಿನಾಂಕದೊಳಗೆ ನೆಡುವುದು, ಆಮೇಲೆ ಅದನ್ನು ಕೀಳಲು ಬರುವವರ ಎದುರು ಕಾಯುವುದು ಈ ವೃತ್ತಿಯ ದೈನಂದಿನ ಕೆಲಸ. ಈ ದಾರಿಯಲ್ಲಿ ನಡೆಯಬಯಸುವ ವಿದ್ಯಾರ್ಥಿಗಳನ್ನೂ, ಎಂಜಿನಿಯರಿಂಗ್ ಅಥವಾ ಸಂಶೋಧನೆಯ ಕೆಲಸದಿಂದ ಇತ್ತ ಹೊರಳಲು ಯೋಚಿಸುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ.

ಮೊದಲ ಹೆಜ್ಜೆ: ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದು ನಿರ್ಧರಿಸಿ

ಪೇಟೆಂಟ್ ಏಜೆಂಟ್ ಮತ್ತು ಪೇಟೆಂಟ್ ವಕೀಲ ಎಂಬ ಎರಡು ಹೆಸರುಗಳನ್ನು ಹೊರಗಿನವರು ಒಂದೇ ಎಂದು ತಿಳಿಯುತ್ತಾರೆ. ಪೇಟೆಂಟ್ ಕಚೇರಿಯ ಮುಂದೆ ಅರ್ಜಿ ಸಲ್ಲಿಸಿ, ಆಕ್ಷೇಪಗಳಿಗೆ ಉತ್ತರಿಸಿ, ಪೇಟೆಂಟ್ ಕೊಡಿಸುವ ಅಧಿಕಾರ ಏಜೆಂಟರಿಗೆ ಇರುತ್ತದೆ. ಅದಕ್ಕೆ ಕಾನೂನು ಪದವಿ ಬೇಕಿಲ್ಲ, ಆದರೆ ವಿಜ್ಞಾನ ಅಥವಾ ತಂತ್ರಜ್ಞಾನದ ಹಿನ್ನೆಲೆ ಬೇಕು. ನ್ಯಾಯಾಲಯದಲ್ಲಿ ಉಲ್ಲಂಘನೆಯ ದಾವೆ ನಡೆಸಲು ಸಾಮಾನ್ಯವಾಗಿ ವಕೀಲರೇ ಆಗಿರಬೇಕು. ಅಮೆರಿಕದಲ್ಲಿ ವಕೀಲರಾದವರೂ ಪೇಟೆಂಟ್ ಕಚೇರಿಯ ಮುಂದೆ ಅರ್ಜಿಗಳನ್ನು ನಡೆಸಬೇಕಾದರೆ ತಾಂತ್ರಿಕ ಅರ್ಹತೆ ತೋರಿಸಿ ಪ್ರತ್ಯೇಕ ಪರೀಕ್ಷೆ ಪಾಸಾಗಬೇಕು. ಯುರೋಪಿನಲ್ಲಿ 2023ರ ಜೂನ್ 1ರಂದು ಕೆಲಸ ಆರಂಭಿಸಿದ ಏಕೀಕೃತ ಪೇಟೆಂಟ್ ನ್ಯಾಯಾಲಯವು, ಸೂಕ್ತ ಹೆಚ್ಚುವರಿ ಅರ್ಹತೆ ಪಡೆದ ಯುರೋಪಿಯನ್ ಪೇಟೆಂಟ್ ಪ್ರತಿನಿಧಿಗಳಿಗೂ ತನ್ನ ಮುಂದೆ ವಾದಿಸಲು ಅವಕಾಶ ನೀಡಿದೆ. ಹಾಗಾಗಿ ನೀವು ಕೆಲಸ ಮಾಡಬೇಕೆಂದಿರುವ ದೇಶದ ನಿಯಮವನ್ನು ಮೊದಲು ಓದಿ, ಆಮೇಲೆ ಕಾಲೇಜನ್ನು ಆರಿಸಿಕೊಳ್ಳಿ.

ವಿಷಯದ ಆಯ್ಕೆಯ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ. ಯಂತ್ರವಿಜ್ಞಾನ ಓದಿದವರಿಗೆ ಪೇಟೆಂಟ್ ಅರ್ಜಿಯ ಕರಡು ಬರೆಯುವುದನ್ನು ಕಲಿಯುವುದು ಸುಲಭ, ಏಕೆಂದರೆ ಭಾಗಗಳು ಕಣ್ಣಿಗೆ ಕಾಣುತ್ತವೆ. ಎಲೆಕ್ಟ್ರಾನಿಕ್ಸ್ ಮತ್ತು ಸಾಫ್ಟ್‌ವೇರ್ ಓದಿದವರಿಗೆ ಕೆಲಸ ಹೆಚ್ಚು, ಆದರೆ ಯಾವುದು ಪೇಟೆಂಟಿಗೆ ಅರ್ಹ ಎಂಬ ತಕರಾರೂ ಅಲ್ಲಿಯೇ ಹೆಚ್ಚು. ಔಷಧ ಮತ್ತು ಜೈವಿಕ ತಂತ್ರಜ್ಞಾನದ ಕಡತಗಳನ್ನು ನೋಡಿಕೊಳ್ಳಲು ಪಿಎಚ್‌ಡಿ ಆದವರನ್ನೇ ಹುಡುಕುವ ಸಂಸ್ಥೆಗಳು ಬಹಳ. ಪದವಿ ಯಾವುದೇ ಇರಲಿ, ಇಂದು ಬೆಳಿಗ್ಗೆ ಕವಾಟದ ಬಗ್ಗೆ, ಮಧ್ಯಾಹ್ನ ಬ್ಯಾಟರಿಯ ಬಗ್ಗೆ ಓದಿ ಅರ್ಥ ಮಾಡಿಕೊಳ್ಳುವ ಕುತೂಹಲವಿಲ್ಲದವರಿಗೆ ಈ ಕೆಲಸ ಎರಡೇ ವರ್ಷದಲ್ಲಿ ಬೇಸರ ತರಿಸುತ್ತದೆ.

ಎರಡನೆಯ ಹೆಜ್ಜೆ: ಪೇಟೆಂಟ್ ಓದುವುದನ್ನು ಕಲಿಯಿರಿ

ಪೇಟೆಂಟ್ ಕಾನೂನಿನ ದಪ್ಪ ಪುಸ್ತಕಗಳಿಗೆ ಕೈ ಹಾಕುವ ಮೊದಲು ಪೇಟೆಂಟುಗಳನ್ನೇ ಓದಿ. ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪೇಸ್‌ನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್ ಇವೆಲ್ಲವೂ ಉಚಿತವಾಗಿ ಸಿಗುತ್ತವೆ. ಹೊಸಬರು ಪೇಟೆಂಟನ್ನು ಕಥೆಯಂತೆ ಮೊದಲ ಪುಟದಿಂದ ಓದಲು ತೊಡಗಿ ಮೂರನೆಯ ಪುಟದಲ್ಲಿ ಸೋಲುತ್ತಾರೆ. ಕೊನೆಯಲ್ಲಿರುವ ಕ್ಲೇಮುಗಳಿಗೆ ನೇರವಾಗಿ ಹೋಗಿ, ಮೊದಲ ಕ್ಲೇಮನ್ನು ಕಾಗದದ ಮೇಲೆ ತುಂಡು ತುಂಡಾಗಿ ಬಿಡಿಸಿ ಬರೆಯಿರಿ. ಪ್ರತಿಯೊಂದು ತುಂಡಿನ ಎದುರು ಅದು ಯಾವ ಚಿತ್ರದಲ್ಲಿ, ಯಾವ ಸಂಖ್ಯೆಯ ಭಾಗವಾಗಿ ಕಾಣಿಸುತ್ತದೆ ಎಂದು ಗುರುತು ಹಾಕಿ. ವಿವರಣೆಯನ್ನು ಓದುವುದು ಆಮೇಲೆ.

ಅಭ್ಯಾಸಕ್ಕೆ ಸರಳವಾದ ವಸ್ತುವೇ ಒಳ್ಳೆಯದು. ತುದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್ಲಿಗೆ 1858ರ ಮಾರ್ಚ್ 30ರಂದು ಹೈಮನ್ ಲಿಪ್‌ಮನ್ ಎಂಬುವರು ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅದನ್ನು ಕೊಂಡವರು ಪೆನ್ಸಿಲ್ ತಯಾರಕ ಫೇಬರ್ ವಿರುದ್ಧ ದಾವೆ ಹೂಡಿದಾಗ, ಪೆನ್ಸಿಲ್ ಪೆನ್ಸಿಲ್ಲಾಗಿಯೂ ರಬ್ಬರ್ ರಬ್ಬರಾಗಿಯೂ ಮೊದಲಿನಂತೆಯೇ ಕೆಲಸ ಮಾಡುತ್ತಿವೆ, ಎರಡನ್ನು ಕೂಡಿಸಿದ್ದರಿಂದ ಹೊಸ ಪರಿಣಾಮವೇನೂ ಹುಟ್ಟಿಲ್ಲ ಎಂದು 1875ರಲ್ಲಿ ಸುಪ್ರೀಂ ಕೋರ್ಟು ಆ ಪೇಟೆಂಟನ್ನು ಅಮಾನ್ಯಗೊಳಿಸಿತು. ಈ ಪೆನ್ಸಿಲ್ಲಿಗೆ ನೀವೇ ಒಂದು ಕ್ಲೇಮು ಬರೆದು ನೋಡಿ, ಮತ್ತು ನ್ಯಾಯಾಲಯದ ಆಕ್ಷೇಪವನ್ನು ದಾಟಲು ಏನನ್ನು ಸೇರಿಸಬೇಕಾಗಿತ್ತು ಎಂದು ಯೋಚಿಸಿ. ಅರ್ಧ ಗಂಟೆಯ ಈ ಪ್ರಯತ್ನ ಕಲಿಸುವಷ್ಟನ್ನು ಒಂದು ವಾರದ ಉಪನ್ಯಾಸ ಕಲಿಸುವುದಿಲ್ಲ.

ಮೂರನೆಯ ಹೆಜ್ಜೆ: ಕ್ಲೇಮು ಬರೆಯುವುದು

ಇಲ್ಲಿ ಹೆಚ್ಚು ಸಮಯ ಕಳೆಯಬೇಕು. ಕ್ಲೇಮು ಎಂದರೆ ಆವಿಷ್ಕಾರದ ವರ್ಣನೆಯಲ್ಲ. ಇದರಾಚೆ ಇರುವುದು ಎಲ್ಲರದು, ಇದರೊಳಗಿರುವುದು ನನ್ನದು ಎಂದು ಹೇಳುವ ಗಡಿಗೆರೆ. ಉಲ್ಲಂಘನೆಯನ್ನು ಅಳೆಯುವ ಮೂಲ ನಿಯಮವೆಂದರೆ ಕ್ಲೇಮಿನಲ್ಲಿ ಹೇಳಿರುವ ಪ್ರತಿಯೊಂದು ಅಂಶವೂ ಎದುರಾಳಿಯ ವಸ್ತುವಿನಲ್ಲಿ ಇರಬೇಕು ಎಂಬುದು. ಆದ್ದರಿಂದ ಸಾಮಾನ್ಯ ಬುದ್ಧಿಗೆ ವಿರುದ್ಧವಾಗಿ ಕಂಡರೂ, ಕ್ಲೇಮಿನಲ್ಲಿ ಮಾತು ಹೆಚ್ಚಿದಷ್ಟೂ ಹಕ್ಕು ಕಿರಿದಾಗುತ್ತದೆ. ನಾಲ್ಕು ಕಾಲಿನ ಕುರ್ಚಿ ಎಂದು ಬರೆದ ದಿನವೇ ಮೂರು ಕಾಲಿನ ಕುರ್ಚಿ ಮಾಡುವವನಿಗೆ ದಾರಿ ಬಿಟ್ಟುಕೊಟ್ಟಂತಾಯಿತು. ಆಸನ ಮತ್ತು ಅದನ್ನು ನೆಲದಿಂದ ಮೇಲೆ ಎತ್ತಿ ಹಿಡಿಯುವ ಆಧಾರ ಎಂದಷ್ಟೇ ಬರೆದರೆ ಗಡಿ ವಿಶಾಲವಾಗುತ್ತದೆ, ಆದರೆ ಹಿಂದೆ ಯಾರೋ ಮಾಡಿದ ಸ್ಟೂಲು ಕೂಡ ಅದರೊಳಗೆ ಬಂದು ಪೇಟೆಂಟನ್ನೇ ಕೆಡಿಸುತ್ತದೆ. ಈ ಎರಡು ಭಯಗಳ ನಡುವೆ ಹದ ಹಿಡಿಯುವುದೇ ಕರಡು ಬರಹದ ಕಸುಬು.

ಅದಕ್ಕಾಗಿ ವಿಶಾಲವಾದ ಸ್ವತಂತ್ರ ಕ್ಲೇಮು ಒಂದನ್ನು ಮೊದಲು ಬರೆದು, ಅದರ ಕೆಳಗೆ ಒಂದೊಂದೇ ಅಂಶ ಸೇರಿಸುತ್ತ ಅವಲಂಬಿತ ಕ್ಲೇಮುಗಳನ್ನು ಬರೆಯಲಾಗುತ್ತದೆ. ಕೋಟೆಯ ಹೊರಗೋಡೆ ಬಿದ್ದರೂ ಒಳಗೋಡೆ ನಿಲ್ಲಲಿ ಎಂಬ ಲೆಕ್ಕಾಚಾರ ಇದರ ಹಿಂದಿದೆ. ‘ಇವುಗಳನ್ನು ಒಳಗೊಂಡ’ ಎಂಬ ತೆರೆದ ಪದಕ್ಕೂ ‘ಇವುಗಳಿಂದ ಮಾತ್ರ ಕೂಡಿದ’ ಎಂಬ ಮುಚ್ಚಿದ ಪದಕ್ಕೂ ಇರುವ ಅಂತರವನ್ನು ಮೊದಲ ದಿನವೇ ಮನದಟ್ಟು ಮಾಡಿಕೊಳ್ಳಬೇಕು. ಮೊದಲನೆಯದಾದರೆ ಎದುರಾಳಿಯು ತನ್ನ ವಸ್ತುವಿಗೆ ಇನ್ನೊಂದು ಭಾಗ ಸೇರಿಸಿದರೂ ತಪ್ಪಿಸಿಕೊಳ್ಳಲಾರ. ಎರಡನೆಯದಾದರೆ ಸೇರಿಸಿದ ಒಂದು ಭಾಗವೇ ಅವನಿಗೆ ಬಿಡುಗಡೆಯ ಪತ್ರವಾಗುತ್ತದೆ.

ಎಪಿಲೇಡಿ ಎಂಬ ಕೂದಲು ಕೀಳುವ ಉಪಕರಣದ ಪ್ರಕರಣವನ್ನು ಕಲಿಯುವವರೆಲ್ಲರೂ ಒಮ್ಮೆ ಓದಬೇಕು. ಆ ಪೇಟೆಂಟಿನ ಕ್ಲೇಮಿನಲ್ಲಿ ಸುರುಳಿ ಸ್ಪ್ರಿಂಗ್ ಎಂದು ಬರೆದಿತ್ತು. ರೆಮಿಂಗ್ಟನ್ ಕಂಪನಿ ಸ್ಪ್ರಿಂಗಿನ ಬದಲು ಸೀಳುಗಳಿರುವ ರಬ್ಬರ್ ದಂಡವನ್ನು ಬಳಸಿತು. ಕೆಲಸ ಒಂದೇ, ವಸ್ತು ಬೇರೆ. ಬ್ರಿಟನ್ನಿನ ನ್ಯಾಯಾಲಯ ರಬ್ಬರ್ ದಂಡವನ್ನು ಸುರುಳಿ ಸ್ಪ್ರಿಂಗ್ ಎನ್ನಲಾಗದು ಎಂದು ಹೇಳಿತು, ಜರ್ಮನಿಯ ನ್ಯಾಯಾಲಯ ಉಲ್ಲಂಘನೆ ಆಗಿದೆ ಎಂದಿತು. ಒಂದೇ ಯುರೋಪಿಯನ್ ಪೇಟೆಂಟ್, ಒಂದೇ ಉಪಕರಣ, ಎರಡು ತೀರ್ಪು. ಸುರುಳಿ ಸ್ಪ್ರಿಂಗ್ ಎಂಬುದನ್ನು ಅವಲಂಬಿತ ಕ್ಲೇಮಿಗೆ ಇಳಿಸಿ, ಬಾಗಿದಾಗ ಒಂದು ಬದಿಯಲ್ಲಿ ತೆರೆದು ಇನ್ನೊಂದು ಬದಿಯಲ್ಲಿ ಮುಚ್ಚಿಕೊಳ್ಳುವ ಸೀಳುಗಳಿರುವ ಅಂಗ ಎಂಬಂಥ ಮಾತನ್ನು ಮೇಲೆ ಇಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕರಡು ಬರೆಯುವವರು ಇಂದಿಗೂ ತಮ್ಮನ್ನು ಕೇಳಿಕೊಳ್ಳಬೇಕು.

ಬರೆದ ವಕೀಲನೇ ಆವಿಷ್ಕಾರಕನಾಗಿದ್ದರೂ ಈ ಕಷ್ಟ ತಪ್ಪುವುದಿಲ್ಲ. ಜಾರ್ಜ್ ಸೆಲ್ಡನ್ ಸ್ವತಃ ಪೇಟೆಂಟ್ ವಕೀಲ. ಮೋಟಾರು ವಾಹನಕ್ಕಾಗಿ 1879ರಲ್ಲಿ ಅರ್ಜಿ ಹಾಕಿದ ಆತ, ಆಗಿನ ಅಮೆರಿಕದ ನಿಯಮಗಳಲ್ಲಿ ಪೇಟೆಂಟಿನ ಅವಧಿ ಮಂಜೂರಾತಿಯ ದಿನದಿಂದ ಶುರುವಾಗುತ್ತಿದ್ದುದನ್ನು ಬಳಸಿಕೊಂಡು, ಉತ್ತರಗಳನ್ನು ತಡಮಾಡುತ್ತ, ತಿದ್ದುಪಡಿಗಳನ್ನು ಹಾಕುತ್ತ 1895ರವರೆಗೆ ಎಳೆದ. ಅಷ್ಟರಲ್ಲಿ ಮೋಟಾರು ಉದ್ಯಮ ಹುಟ್ಟಿತ್ತು, ಮುಂದೆ ತಯಾರಕರು ಅವನ ಪೇಟೆಂಟಿಗೆ ರಾಯಧನ ಕಟ್ಟತೊಡಗಿದರು. ಹೆನ್ರಿ ಫೋರ್ಡ್ ಮಾತ್ರ ಹೋರಾಡಿದರು. 1911ರ ಮೇಲ್ಮನವಿ ತೀರ್ಪಿನಲ್ಲಿ ಪೇಟೆಂಟ್ ಸಿಂಧುವೇ, ಆದರೆ ಅದು ಬ್ರೇಟನ್ ಮಾದರಿಯ ಎಂಜಿನ್ನಿಗೆ ಸೀಮಿತ, ಫೋರ್ಡರ ಕಾರುಗಳಲ್ಲಿರುವುದು ಒಟ್ಟೊ ಎಂಬ ಬೇರೆ ಮಾದರಿಯ ಎಂಜಿನ್ ಎಂದು ನಿರ್ಣಯವಾಯಿತು. ಹದಿನಾರು ವರ್ಷದ ಜಾಣತನ ಎಂಜಿನ್ನಿನ ಒಂದು ಜಾತಿಯ ಮೇಲೆ ಮುಗ್ಗರಿಸಿತು. ಈಗ ಅರ್ಜಿಯ ದಿನದಿಂದ 20 ವರ್ಷ ಎಂಬ ಲೆಕ್ಕ ಬಹುತೇಕ ಎಲ್ಲ ದೇಶಗಳಲ್ಲಿ ಇರುವುದರಿಂದ ಸೆಲ್ಡನ್ನನ ಆಟ ನಡೆಯುವುದಿಲ್ಲ.

ಇನ್ನೊಂದು ಎಚ್ಚರ: ಅರ್ಜಿ ಸಲ್ಲಿಸಿದ ಮೇಲೆ ವಿವರಣೆಗೆ ಹೊಸ ವಿಷಯ ಸೇರಿಸುವಂತಿಲ್ಲ. ಆವಿಷ್ಕಾರಕರು ಅರ್ಜಿಯ ನಂತರ ನೆನಪಿಸಿಕೊಂಡು ಹೇಳುವ ಪರ್ಯಾಯ ವಿನ್ಯಾಸವು ಎಷ್ಟೇ ಚೆನ್ನಾಗಿದ್ದರೂ ಆ ಅರ್ಜಿಗೆ ಉಪಯೋಗವಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿಯೇ, ಇದನ್ನು ಬೇರೆ ಯಾವ ಯಾವ ರೀತಿಯಲ್ಲಿ ಮಾಡಬಹುದು, ಯಾವ ಭಾಗವನ್ನು ಕಿತ್ತುಹಾಕಿದರೂ ಇದು ನಡೆಯುತ್ತದೆ, ನಿಮ್ಮ ಪ್ರತಿಸ್ಪರ್ಧಿ ಇದನ್ನು ನಕಲು ಮಾಡದೆ ಹೇಗೆ ಸುತ್ತಿ ಹೋಗಬಲ್ಲ ಎಂದು ಕೇಳಿ ಬರೆದುಕೊಳ್ಳಿ. ಕೊನೆಯ ಪ್ರಶ್ನೆಗೆ ಆವಿಷ್ಕಾರಕರು ಸ್ವಲ್ಪ ಮುನಿಸಿಕೊಂಡೇ ಉತ್ತರಿಸುತ್ತಾರೆ. ಒಳ್ಳೆಯ ಕ್ಲೇಮುಗಳು ಬರುವುದು ಆ ಉತ್ತರದಿಂದಲೇ.

ನಾಲ್ಕನೆಯ ಹೆಜ್ಜೆ: ದಿನಾಂಕಗಳ ಶಿಸ್ತು

ಹೊಸತನ, ಆವಿಷ್ಕಾರದ ಹೆಜ್ಜೆ (ವಿಷಯ ಬಲ್ಲವರಿಗೂ ಸುಲಭವಾಗಿ ಹೊಳೆಯದಿರುವುದು), ಕೈಗಾರಿಕಾ ಉಪಯೋಗ ಎಂಬ ಮೂರು ಪರೀಕ್ಷೆಗಳು ಎಲ್ಲೆಡೆ ಇವೆ, ಮತ್ತು ಮೊದಲೆರಡನ್ನು ಅಳೆಯುವುದು ಒಂದು ನಿರ್ದಿಷ್ಟ ದಿನಾಂಕದ ಹಿಂದೆ ಲೋಕಕ್ಕೆ ಏನು ತಿಳಿದಿತ್ತು ಎಂಬುದರ ಮೇಲೆ. ಗಾಯ ಮಾಗಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ನೀಡಲಾಗಿದ್ದ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಎಲ್ಲರ ಮನೆಯಲ್ಲೂ ಗೊತ್ತಿರುವ ಸಂಗತಿ ಎಂಬ ವಾದವೊಂದೇ ಸಾಲದು. ಆ ದಿನಾಂಕಕ್ಕೆ ಮುಂಚಿನ ಲಿಖಿತ ದಾಖಲೆಗಳನ್ನು ಮುಂದಿಡಬೇಕಾಯಿತು. ಸಂಪ್ರದಾಯದಲ್ಲಿರುವ ತಿಳಿವನ್ನು ಪುರಾವೆಯಾಗಿ ಪರಿವರ್ತಿಸುವುದು ಹೇಗೆ ಎಂಬುದಕ್ಕೆ ಆ ಕಡತ ಒಳ್ಳೆಯ ಪಾಠ.

1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಒಂದು ದೇಶದಲ್ಲಿ ಮೊದಲ ಅರ್ಜಿ ಹಾಕಿದವರು 12 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲಿ ಹಾಕಿದರೆ ಮೊದಲ ದಿನಾಂಕದ ಲಾಭ ಸಿಗುತ್ತದೆ. 1970ರ ಪೇಟೆಂಟ್ ಸಹಕಾರ ಒಪ್ಪಂದದ ಮೂಲಕ ಒಂದೇ ಅಂತರರಾಷ್ಟ್ರೀಯ ಅರ್ಜಿ ಹಾಕಿ, ಆಯಾ ದೇಶಗಳೊಳಗೆ ಪ್ರವೇಶಿಸಲು ಸಾಮಾನ್ಯವಾಗಿ 30 ತಿಂಗಳು, ಕೆಲವೆಡೆ 31 ತಿಂಗಳು ಕಾಲಾವಕಾಶ ಪಡೆಯಬಹುದು. ಅರ್ಜಿಗೆ ಮೊದಲೇ ಆವಿಷ್ಕಾರವನ್ನು ಬಹಿರಂಗಪಡಿಸಿದವರಿಗೆ ಅಮೆರಿಕ ಮತ್ತು ಜಪಾನ್ ಒಂದು ವರ್ಷದ ರಿಯಾಯಿತಿ ನೀಡುತ್ತವೆ, ಯುರೋಪ್ ತೀರಾ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ನೀಡುವುದಿಲ್ಲ. ಸಂಶೋಧಕರು ಸಮ್ಮೇಳನದಲ್ಲಿ ಪ್ರಬಂಧ ಓದಿ ಬಂದು, ಮರುವಾರ ಪೇಟೆಂಟ್ ಕೇಳಿಕೊಂಡು ಬರುವುದು ಈ ವೃತ್ತಿಯಲ್ಲಿ ಪದೇ ಪದೇ ಎದುರಾಗುವ ದುಃಖ.

1876ರ ಫೆಬ್ರವರಿ 14ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್‌ರ ವಕೀಲರು ದೂರವಾಣಿಯ ಅರ್ಜಿಯನ್ನು ವಾಷಿಂಗ್ಟನ್ನಿನಲ್ಲಿ ಸಲ್ಲಿಸಿದ ದಿನವೇ ಎಲೈಷಾ ಗ್ರೇ ಅವರ ಕಡೆಯಿಂದಲೂ ಅದೇ ವಿಷಯದಲ್ಲಿ, ಮುಂದೆ ಅರ್ಜಿ ಹಾಕುವುದಾಗಿ ತಿಳಿಸುವ ಮುನ್ಸೂಚನಾ ಪತ್ರ ಬಂದಿತ್ತು, ಮತ್ತು ಬೆಲ್ ಆ ಊರಿನಲ್ಲಿಯೇ ಇರಲಿಲ್ಲ. ಆಗ ಅಮೆರಿಕದಲ್ಲಿ ಮೊದಲು ಕಂಡುಹಿಡಿದವರಿಗೆ ಹಕ್ಕು ಎಂಬ ನಿಯಮವಿತ್ತು. 2013ರ ಮಾರ್ಚ್ 16ರಿಂದ ಅಲ್ಲಿಯೂ ಮೊದಲು ಅರ್ಜಿ ಹಾಕಿದವರಿಗೆ ಆದ್ಯತೆ ಎಂಬ ವ್ಯವಸ್ಥೆ ಬಂದಿದೆ. ಅರ್ಜಿ ಹಾಕಿದ ಮೇಲೂ ಗಡುವುಗಳು ಬೆನ್ನು ಬಿಡುವುದಿಲ್ಲ. ಆಂಜಿಯೋಮ್ಯಾಕ್ಸ್ ಎಂಬ ಔಷಧದ ಪೇಟೆಂಟ್ ಅವಧಿಯನ್ನು ವಿಸ್ತರಿಸಲು, ಔಷಧದ ಮಾರಾಟಕ್ಕೆ ಮಂಜೂರಾತಿ ಸಿಕ್ಕ ದಿನದಿಂದ 60 ದಿನಗಳ ಗಡುವಿತ್ತು, ಅರ್ಜಿ ತಡವಾಯಿತೆಂದು 2001ರಲ್ಲಿ ಹುಟ್ಟಿದ ವಿವಾದ ಸುಮಾರು ಒಂದು ದಶಕ ನಡೆಯಿತು. ಸಂಜೆಯ ಕಚೇರಿ ಸಮಯ ಮುಗಿದ ಮೇಲೆ ಬಂದ ಆ ಮಂಜೂರಾತಿ ಪತ್ರವನ್ನು ಅದೇ ದಿನದ್ದೆಂದು ಎಣಿಸಬೇಕೇ, ಮುಂದಿನ ಕೆಲಸದ ದಿನದ್ದೆಂದು ಎಣಿಸಬೇಕೇ ಎಂಬುದರ ಮೇಲೆ ಒಂದು ಔಷಧದ ಭವಿಷ್ಯ ನಿಂತಿತ್ತು. ಗಡುವುಗಳನ್ನು ದಾಖಲಿಸಿ ನೆನಪಿಸುವ ಕಚೇರಿಯ ಡಾಕೆಟ್ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಕಡತಗಳ ಗಡುವುಗಳನ್ನು ನೀವೇ ಇನ್ನೊಂದು ಕಡೆ ಬರೆದಿಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಅರ್ಹತಾ ಪರೀಕ್ಷೆ

ಭಾರತದಲ್ಲಿ ಪೇಟೆಂಟ್ ಏಜೆಂಟರ ಪರೀಕ್ಷೆಗೆ ಕುಳಿತುಕೊಳ್ಳುವವರು ಭಾರತದ ಪ್ರಜೆಯಾಗಿದ್ದು, 21 ವರ್ಷ ತುಂಬಿದವರಾಗಿ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಪಡೆದಿರಬೇಕು. ಎರಡು ಲಿಖಿತ ಪತ್ರಿಕೆಗಳಲ್ಲಿ ತಲಾ ಶೇಕಡಾ 50, ಮೌಖಿಕವೂ ಸೇರಿ ಒಟ್ಟಾರೆ ಶೇಕಡಾ 60 ಅಂಕ ಬೇಕು. ಅಮೆರಿಕದ ಪರೀಕ್ಷೆಯಲ್ಲಿ 100 ಬಹು ಆಯ್ಕೆ ಪ್ರಶ್ನೆಗಳು, ಆರು ಗಂಟೆಯ ಸಮಯ. ಯುರೋಪಿನ ಅರ್ಹತಾ ಪರೀಕ್ಷೆ ಕರಡು ಬರಹವನ್ನೂ ವಾದವನ್ನೂ ಬರೆಸಿ ನೋಡುತ್ತದೆ, ಮತ್ತು ಅನುಭವಿ ಪ್ರತಿನಿಧಿಯ ಕೈಕೆಳಗಿನ ತರಬೇತಿಯನ್ನು ನಿರೀಕ್ಷಿಸುತ್ತದೆ; ನನ್ನ ದೃಷ್ಟಿಯಲ್ಲಿ ವೃತ್ತಿಗೆ ಹತ್ತಿರವಾದದ್ದು ಅದೇ ಮಾದರಿ. ಸೆಕ್ಷನ್‌ಗಳನ್ನು ಕಂಠಪಾಠ ಮಾಡುವುದರ ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳ ಕರಡು ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದವರು ಪಾಸಾಗುತ್ತಾರೆ.

ಆರನೆಯ ಹೆಜ್ಜೆ: ದಿನಚರಿಗೆ ಒಗ್ಗಿಕೊಳ್ಳುವುದು

ಕೆಲಸದ ಬಹುಭಾಗ ನ್ಯಾಯಾಲಯದಲ್ಲಲ್ಲ, ಮೇಜಿನ ಮುಂದೆ ನಡೆಯುತ್ತದೆ. ಅರ್ಜಿಯನ್ನು ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರು ಹಳೆಯ ದಾಖಲೆಗಳನ್ನು ಉಲ್ಲೇಖಿಸಿ ಆಕ್ಷೇಪ ಕಳಿಸುತ್ತಾರೆ. ಭಾರತದಲ್ಲಿ ಉತ್ತರಿಸಲು ಆರು ತಿಂಗಳು, ಅಮೆರಿಕದಲ್ಲಿ ಸಾಮಾನ್ಯವಾಗಿ ಮೂರು ತಿಂಗಳು ಇರುತ್ತದೆ, ಶುಲ್ಕ ಕಟ್ಟಿ ಇನ್ನೂ ಸ್ವಲ್ಪ ಎಳೆಯಬಹುದು. ಆಕ್ಷೇಪ ಓದಿದ ಕೂಡಲೇ ಪರೀಕ್ಷಕರು ತಪ್ಪಾಗಿ ಓದಿದ್ದಾರೆ ಎಂದು ಬರೆಯುವ ಆಸೆ ಹೊಸಬರಿಗೆ ಬರುತ್ತದೆ. ಒಂದು ರಾತ್ರಿ ಬಿಟ್ಟು, ಉಲ್ಲೇಖಿತ ದಾಖಲೆಯನ್ನು ಮೂಲದಲ್ಲಿಯೇ ಓದಿ. ಪರೀಕ್ಷಕರ ಮಾತಿನಲ್ಲಿ ಹುರುಳಿದ್ದರೆ ಕ್ಲೇಮನ್ನು ಕಿರಿದು ಮಾಡಿ, ಇಲ್ಲದಿದ್ದರೆ ಯಾವ ಅಂಶ ಅಲ್ಲಿಲ್ಲ ಎಂಬುದನ್ನಷ್ಟೇ ಎತ್ತಿ ತೋರಿಸಿ. ಉತ್ತರದಲ್ಲಿ ಬರೆದ ಪ್ರತಿಯೊಂದು ವಾಕ್ಯವೂ ಕಡತದಲ್ಲಿ ಉಳಿದು, ಹತ್ತು ವರ್ಷದ ನಂತರ ದಾವೆಯಲ್ಲಿ ನಿಮ್ಮ ಕಕ್ಷಿದಾರರ ವಿರುದ್ಧವೇ ಓದಲ್ಪಡಬಹುದು. ಆದ್ದರಿಂದ ಉತ್ತರ ಚಿಕ್ಕದಾದಷ್ಟೂ ಒಳ್ಳೆಯದು. ಮೇಜಿನ ಆಚೆ ಬದಿಯಲ್ಲಿರುವವರನ್ನು ಹಗುರವಾಗಿ ಕಾಣಬೇಡಿ; 1902ರಿಂದ 1909ರವರೆಗೆ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕರಾಗಿದ್ದವರು ಆಲ್ಬರ್ಟ್ ಐನ್‌ಸ್ಟೈನ್.

ಖಾಸಗಿ ಸಂಸ್ಥೆಯಲ್ಲಿ ಗಂಟೆಗಳ ಲೆಕ್ಕ ಬರೆಯಬೇಕು, ವಿಷಯಗಳ ವೈವಿಧ್ಯ ಸಿಗುತ್ತದೆ. ಕಂಪನಿಯೊಳಗಿನ ಪೇಟೆಂಟ್ ವಿಭಾಗದಲ್ಲಿ ಬರೆಯುವುದಕ್ಕಿಂತ ಆಯ್ದುಕೊಳ್ಳುವ ಕೆಲಸ ಹೆಚ್ಚು: ಯಾವ ಆವಿಷ್ಕಾರಕ್ಕೆ ಅರ್ಜಿ, ಯಾವುದನ್ನು ಗುಟ್ಟಾಗಿಡುವುದು, ಯಾವ ಹಳೆಯ ಪೇಟೆಂಟಿನ ನವೀಕರಣ ಶುಲ್ಕ ನಿಲ್ಲಿಸುವುದು. ಹೊಸ ಉತ್ಪನ್ನವು ಬೇರೆಯವರ ಪೇಟೆಂಟನ್ನು ತುಳಿಯುತ್ತದೆಯೇ ಎಂದು ಅಭಿಪ್ರಾಯ ಕೊಡುವುದು ಎರಡೂ ಕಡೆ ಇದೆ. ಪೇಟೆಂಟ್ ಎಂದರೆ ಇತರರನ್ನು ತಡೆಯುವ ಹಕ್ಕೇ ಹೊರತು ತಾನು ತಯಾರಿಸಿ ಮಾರುವ ಪರವಾನಗಿಯಲ್ಲ ಎಂಬುದನ್ನು ಕಕ್ಷಿದಾರರಿಗೆ ವಿವರಿಸಿ ವಿವರಿಸಿ ನಿಮಗೇ ದಣಿವಾಗುತ್ತದೆ. ದಣಿವಿನಿಂದಲೂ ಕೆಲವೊಮ್ಮೆ ಫಲ ಬಂದಿದೆ: ಪೇಟೆಂಟ್ ವಿಭಾಗದಲ್ಲಿ ದುಡಿಯುತ್ತ ರಾತ್ರಿ ಕಾನೂನು ಓದುತ್ತಿದ್ದ ಚೆಸ್ಟರ್ ಕಾರ್ಲ್‌ಸನ್, ದಾಖಲೆಗಳ ಪ್ರತಿ ತೆಗೆಯುವ ಕಾಟದಿಂದ ಬೇಸತ್ತು ಹುಡುಕಾಟಕ್ಕಿಳಿದು, 1938ರ ಅಕ್ಟೋಬರ್ 22ರಂದು ಮೊದಲ ಜೆರಾಕ್ಸ್ ಚಿತ್ರವನ್ನು ಪಡೆದರು.

ಗೋಪ್ಯತೆ ಮತ್ತು ಹಿತಾಸಕ್ತಿಯ ಘರ್ಷಣೆಯ ನಿಯಮಗಳು ಬೇರೆ ವಕೀಲರಿಗಿಂತ ಇಲ್ಲಿ ಬಿಗಿ, ಏಕೆಂದರೆ ಸೋರಿದ ಒಂದು ಮಾತು ಹೊಸತನವನ್ನೇ ಕೊಲ್ಲಬಹುದು. ಪ್ರಕಟವಾಗದ ಆವಿಷ್ಕಾರದ ವಿವರವನ್ನು, ಅದು ಎಲ್ಲಿ ಸಂಗ್ರಹವಾಗುತ್ತದೆಂದು ತಿಳಿಯದೆ, ಸಾರ್ವಜನಿಕ ಎಐ ಉಪಕರಣಗಳಿಗೆ ಹಾಕಬಾರದು. ಎಐ ಯಂತ್ರವೇ ಆವಿಷ್ಕಾರಕ ಎಂದು ಡಾಬಸ್ ಎಂಬ ಎಐ ವ್ಯವಸ್ಥೆಯ ಪ್ರಕರಣದಲ್ಲಿ ಮಂಡಿಸಿದ ವಾದವನ್ನು 2022ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೂ ತಳ್ಳಿಹಾಕಿವೆ. ಆವಿಷ್ಕಾರಕರ ಹೆಸರಿನ ಪಟ್ಟಿಯನ್ನು ಮೇಲಧಿಕಾರಿಗಳ ಮರ್ಜಿಗೆ ತಕ್ಕಂತೆ ಹಿಗ್ಗಿಸುವ ಒತ್ತಡವೂ ಬರುತ್ತದೆ. ಯಾವ ಕ್ಲೇಮಿಗೆ ಯಾರ ಕೊಡುಗೆ ಎಂದು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡರೆ ಆ ಒತ್ತಡಕ್ಕೆ ಉತ್ತರ ಸಿಗುತ್ತದೆ.

ಕೆಲಸ ಕೇಳಿಕೊಂಡು ಹೋಗುವಾಗ

ಸಂದರ್ಶನಕ್ಕೆ ಪ್ರಮಾಣಪತ್ರಗಳ ಜೊತೆಗೆ ನೀವೇ ಬರೆದ ಮಾದರಿ ಕರಡೊಂದನ್ನು ಕೊಂಡೊಯ್ಯಿರಿ. ಬೇರೆಯವರ ಕಡತದಿಂದ ತೆಗೆದದ್ದಾಗಿರಬಾರದು. ಅವಧಿ ಮುಗಿದ ಪೇಟೆಂಟಿನ ವಸ್ತುವನ್ನೋ, ಮೇಜಿನ ಮೇಲಿರುವ ಸ್ಟೇಪ್ಲರನ್ನೋ ಆರಿಸಿಕೊಂಡು, ಒಂದು ಸ್ವತಂತ್ರ ಕ್ಲೇಮು, ನಾಲ್ಕೈದು ಅವಲಂಬಿತ ಕ್ಲೇಮುಗಳು, ಸಂಖ್ಯೆ ಹಾಕಿದ ಎರಡು ಚಿತ್ರಗಳು, ಮೂರು ಪುಟದ ವಿವರಣೆ ಬರೆಯಿರಿ. ಅದನ್ನು ತಂತ್ರಜ್ಞಾನ ತಿಳಿದ ಸ್ನೇಹಿತರೊಬ್ಬರಿಗೆ ಕೊಟ್ಟು, ಈ ಕ್ಲೇಮಿನಿಂದ ತಪ್ಪಿಸಿಕೊಳ್ಳುವ ಸ್ಟೇಪ್ಲರ್ ಒಂದನ್ನು ಚಿತ್ರಿಸಲು ಹೇಳಿ. ಅವರು ಹತ್ತು ನಿಮಿಷದಲ್ಲಿ ಚಿತ್ರಿಸಿದರೆ ಕ್ಲೇಮನ್ನು ತಿದ್ದಿ, ಮತ್ತೆ ಕೊಡಿ. ಮೊದಲ ಕರಡು, ಸ್ನೇಹಿತರ ಚಿತ್ರ, ತಿದ್ದಿದ ಕರಡು ಈ ಮೂರನ್ನೂ ಒಟ್ಟಿಗೆ ಇಟ್ಟು ಸಂದರ್ಶಕರಿಗೆ ತೋರಿಸಿ.